ಕಡೂರಿನಲ್ಲಿ ಮಲೇರಿಯಾ ಸಾಕಿದ್ದು

ಮಲೇರಿಯಾದ ರೋಗಾಣುವನ್ನು ಕೊಲ್ಲಲು ಮನುಷ್ಯಕುಲ ಏನೇನು ಮಾಡಿಲ್ಲ? ಹೊಂಡಗಳಿಗೆ ಎಣ್ಣೆ ಸುರಿಯಿತು, ಗೋಡೆಗೆ ಡಿಡಿಟಿ ಹೊಡೆಯಿತು, ಮಂಚಕ್ಕೆ ಪರದೆ ಕಟ್ಟಿತು, ಕಹಿ ಮಾತ್ರೆ ನುಂಗಿ ಕಿವಿ ಗುಂಯ್‌ಗುಟ್ಟಿಸಿಕೊಂಡಿತು. ಆದರೂ ಅದು ಸಾಯಲಿಲ್ಲ. ಅಂಥ ಅಜೇಯ ವೈರಿ ಅಜ್ಜಂಪುರದ ಓಂಕಾರೇಶನ ಕೈಗೆ ಸಿಕ್ಕಿ ಎರಡೇ ದಿನದಲ್ಲಿ ಸತ್ತಿತು. ಒಂದು ಸಲವಲ್ಲ, ಐದು ಸಲ. ಬೇರೆಯವರಾಗಿದ್ದರೆ ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಪ್ರತಿಮೆ ಎದ್ದಿರುತ್ತಿತ್ತು. ಓಂಕಾರೇಶನ ಗ್ರಹಚಾರ ಏನೆಂದರೆ, ಅವನನ್ನು ನೇಮಿಸಿದ್ದು ಅದನ್ನು ಕೊಲ್ಲುವುದಕ್ಕಲ್ಲ, ಸಾಕುವುದಕ್ಕೆ.

ಓಂಕಾರೇಶನಿಗೆ ನಲವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೆರಡನ್ನು ಕಡೂರಿನ ಒಂದು ಖಾಸಗಿ ಪ್ಯಾರಾಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಕಳೆದಿದ್ದಾನೆ. ದಿನವೂ ಅಜ್ಜಂಪುರದಿಂದ ಬೀರೂರಿಗೆ ಒಂದು ಬಸ್ಸು, ಅಲ್ಲಿಂದ ಕಡೂರಿಗೆ ಇನ್ನೊಂದು. ಹೊತ್ತಿಗೆ ಸರಿಯಾಗಿ ರೈಲು ಬಂದರೆ ಅದು ಪುಣ್ಯದ ದಿನ. ಲ್ಯಾಬಿನಲ್ಲಿ ಅವನು ಮಾಡಿದ್ದು ಜನರ ರಕ್ತದ ಸಕ್ಕರೆಯನ್ನೂ ಮೂತ್ರದ ಉಪ್ಪನ್ನೂ ಅಳೆದದ್ದು. ಸುತ್ತಲಿನ ನಲವತ್ತು ಹಳ್ಳಿಯವರ ಶುಗರ್ ಅವನಿಗೆ ಬಾಯಿಪಾಠ. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಎರಡನೇ ಹೋಳಿಗೆ ಬಿದ್ದರೆ ಓಂಕಾರೇಶ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಒಮ್ಮೆ ತಿರುಗಿ ನೋಡುತ್ತಿದ್ದ. ಆ ನೋಟಕ್ಕೆ ಹೆದರಿಯೇ ಪಂಕ್ತಿಯಲ್ಲಿ ಅವನ ಎಡಬಲದ ಜಾಗ ಕೊನೆಯವರೆಗೂ ಖಾಲಿ ಉಳಿಯುತ್ತಿತ್ತು.

ಹೀಗೆ ಮೂತ್ರದ ಸೀಸೆಗಳ ನಡುವೆ ಮುಗಿಯಬೇಕಾಗಿದ್ದ ಜೀವನಕ್ಕೆ ಕಳೆದ ವರ್ಷ ಒಂದು ಮಹಾಯೋಗ ಒದಗಿತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಹೊಸ ಔಷಧಿಗಳನ್ನು ಪರೀಕ್ಷಿಸಲು ಜೀವಂತ ಮಲೇರಿಯಾ ರೋಗಾಣು ಸದಾ ಬೇಕು. ಅದನ್ನು ಬೆಳೆಸಿಕೊಡುವ ಸಣ್ಣ ಘಟಕವೊಂದನ್ನು ಹೊರಗಿನ ಊರಿನಲ್ಲಿ ಇಟ್ಟು ನೋಡೋಣ ಅಂದುಕೊಂಡರು. ಕಾಲೇಜಿನ ಪ್ರಿನ್ಸಿಪಾಲ್ ಪರಮೇಶ್‌ಗೆ ‘ಸಂಶೋಧನಾ ಕೇಂದ್ರ’ ಅನ್ನುವ ಬೋರ್ಡಿನ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಬೋರ್ಡು ಮೊದಲು ಬಂತು, ಯಂತ್ರಗಳು ಆಮೇಲೆ ಬಂದವು. ಅವುಗಳ ಜೊತೆಗೆ ಹೆಪ್ಪುಗಟ್ಟಿಸಿದ ರೋಗಾಣುಗಳ ಆರು ಪುಟ್ಟ ಸೀಸೆಗಳು, ಹೊಗೆಯಾಡುವ, ಹಾಲಿನ ಕ್ಯಾನಿನಂಥ ಪಾತ್ರೆಯಲ್ಲಿ ಕೂತು ಕಾರಿನಲ್ಲಿ ದಯಮಾಡಿಸಿದವು.

ಕರಾರು ಸರಳವಾಗಿತ್ತು. ಸಂಸ್ಥೆಯ ವಿಜ್ಞಾನಿ ಸ್ಫೂರ್ತಿ ಮೇಡಂ ಮಾರ್ಚ್ ಇಪ್ಪತ್ತನಾಲ್ಕರಂದು ಬಂದು ನೋಡುತ್ತಾರೆ. ಆ ದಿನ ರೋಗಾಣು ಜೀವಂತ ಇದ್ದು, ಹೆಚ್ಚುತ್ತಾ ಇದ್ದರೆ ಘಟಕ ಕಡೂರಿನಲ್ಲಿ ಉಳಿಯುತ್ತದೆ, ಓಂಕಾರೇಶ ಅದರ ಉಸ್ತುವಾರಿ. ಇಲ್ಲದಿದ್ದರೆ ಯಂತ್ರಗಳು ಬೆಂಗಳೂರಿಗೆ ವಾಪಸ್, ಓಂಕಾರೇಶ ಮೂತ್ರದ ಸೀಸೆಗೆ ವಾಪಸ್. ಹದಿನೈದು ದಿನದ ತರಬೇತಿ ಮುಗಿಸಿಕೊಂಡು ಬಂದವನು ಹೆಂಡತಿ ದಾಕ್ಷಾಯಣಮ್ಮನಿಗೆ, ಇನ್ನು ಸಾಯುವವರೆಗೂ ಆ ಸೀಸೆ ಮುಟ್ಟುವುದಿಲ್ಲ ಅಂತ ಹೇಳಿಬಿಟ್ಟಿದ್ದ. ಆಕೆ ಅದನ್ನು ಅಜ್ಜಂಪುರಕ್ಕೆಲ್ಲ ಹೇಳಿಬಿಟ್ಟಿದ್ದಳು. ಆದ್ದರಿಂದ ವಾಪಸ್ ಹೋಗುವ ದಾರಿ ಮುಚ್ಚಿತ್ತು.

ಸಾಕುವುದಾದರೂ ಹೇಗೆ? ಈ ಪ್ರಾಣಿ ಮನುಷ್ಯನ ಕೆಂಪು ರಕ್ತಕಣದೊಳಗೆ ನುಗ್ಗಿ, ಒಳಗಿಂದಲೇ ಅದನ್ನು ತಿಂದು, ಎರಡು ದಿನಕ್ಕೆ ಒಂದಿದ್ದದ್ದು ಹದಿನಾರಾಗಿ, ಕಣವನ್ನು ಒಡೆದು ಹೊರಬಿದ್ದು, ಹೊಸ ಕಣ ಹುಡುಕುತ್ತದೆ. ಅದಕ್ಕೆ ಮೂವತ್ತೇಳು ಡಿಗ್ರಿ ಬೆಚ್ಚಗಿರಬೇಕು. ಪ್ರತಿದಿನ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ವಾರಕ್ಕೆ ಎರಡು ಸಲ ತಾಜಾ ರಕ್ತ ಬೇಕು. ಇಷ್ಟು ಸೇವೆ ಮಾಡಿಸಿಕೊಂಡೂ ಅದಕ್ಕೆ ನಾವು ಉಸಿರಾಡುವ ಗಾಳಿ ಆಗದು. ಅದಕ್ಕಾಗಿ ರೋಗಾಣು ಬೆಳೆಯುವ ಪುಟ್ಟ ತಟ್ಟೆಗಳನ್ನು ಗಾಜಿನ ಜಾಡಿಯಲ್ಲಿಟ್ಟು, ಒಳಗೊಂದು ಮೇಣದಬತ್ತಿ ಹಚ್ಚಿ ಮುಚ್ಚಳ ಹಾಕಬೇಕು. ಬತ್ತಿ ಗಾಳಿಯನ್ನು ತಿಂದು ತಾನೇ ಆರುತ್ತದೆ. ಆಮೇಲೆ ಜಾಡಿಯನ್ನು ಬೆಚ್ಚನೆಯ ಪೆಟ್ಟಿಗೆಯೊಳಗೆ, ಬಾಣಂತಿಕೋಣೆಗೆ ತೊಟ್ಟಿಲು ಸಾಗಿಸುವ ಭಕ್ತಿಯಿಂದ ಇಡಬೇಕು. ರೋಗಾಣುವಿಗೆ ಭಾನುವಾರ ಗೊತ್ತಿಲ್ಲ, ಯುಗಾದಿ ಗೊತ್ತಿಲ್ಲ, ಮಠದಲ್ಲಿ ತಂಗಿಯ ಮಗನಿಗೆ ದೀಕ್ಷೆ ಅನ್ನುವುದೂ ಗೊತ್ತಿಲ್ಲ.

“ನಮ್ಮ ಮಗಳು ಕೂಸಾಗಿದ್ದಾಗ ಈಯಪ್ಪ ಒಂದ್ಸಲ ಹಾಲು ಕಾಯಿಸಿ ಕೊಟ್ಟಿದ್ದು ನಂಗೆ ನೆನಪಿಲ್ಲ ಕಣೇ,” ಅಂತ ದಾಕ್ಷಾಯಣಮ್ಮ ಪಕ್ಕದ ಮನೆಯಾಕೆಗೆ ಹೇಳಿದಳು. “ಈಗ ನೋಡು, ಹಬ್ಬದ ದಿನ ಬಸ್ ಹತ್ಕೊಂಡು ಹೋಗಿ ಹುಳಕ್ಕೆ ಉಣ್ಣಿಸ್ಬುಟ್ಟು ಬತ್ತಾರೆ.”

ರಕ್ತ ಹೊಂದಿಸುವುದೇ ದೊಡ್ಡ ಕೆಲಸವಾಯಿತು. ಲ್ಯಾಬಿನಲ್ಲಿ ಕೆಲಸ ಮಾಡುವವರ ರಕ್ತ ಬಳಸುವಂತಿಲ್ಲ, ಅದು ಸುರಕ್ಷತೆಯ ನಿಯಮ. ಬೇಕಾದದ್ದು ಓ ಗುಂಪು. ಮಲೇರಿಯಾ ಸಾಕಲು ಸ್ವಲ್ಪ ರಕ್ತ ಕೊಡಿ ಅಂದರೆ ಯಾರು ಕೊಡುತ್ತಾರೆ? ಮೊದಲು ಕೇಳಿದ ಮೂವರು ಓಂಕಾರೇಶನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಎಲ್ಲರೂ ಆರೋಗ್ಯವೇ ಅಂತ ವಿಚಾರಿಸಿ ಎದ್ದು ಹೋದರು. ಆಗ ಓಂಕಾರೇಶ ಮಾತಿನ ವರಸೆ ಬದಲಾಯಿಸಿದ. ‘ಸಾಕುವುದು’ ಅನ್ನುವುದನ್ನು ಬಾಯಿಂದಲೇ ತೆಗೆದುಹಾಕಿದ. ಇದು ಮಲೇರಿಯಾದ ವಿರುದ್ಧ ಕಡೂರಿನಿಂದ ಸಾರಿದ ಯುದ್ಧ, ನಿಮ್ಮ ರಕ್ತಕ್ಕೂ ಆ ವೈರಿಗೂ ನೇರ ಕಾಳಗ, ಗೆದ್ದರೆ ಲೋಕಕ್ಕೇ ಕ್ಷೇಮ ಅಂತ ಲ್ಯಾಬಿನ ಬೆಂಚಿನ ಮುಂದೆ ನಿಂತು ಒಂದು ಭಾಷಣ ಹೊಡೆದ.

ತಾಯಿಯ ರಿಪೋರ್ಟ್ ಒಯ್ಯಲು ಬಂದಿದ್ದ ಪಂಚನಹಳ್ಳಿಯ ಗಿರಿಯಪ್ಪ ಬೆಂಚಿನಿಂದ ಎದ್ದು ನಿಂತ. ಅರವತ್ತಕ್ಕೆ ಎರಡು ಕಡಿಮೆ ವಯಸ್ಸು, ತೆಂಗಿನ ಮರದ ಬುಡದಂಥ ತೋಳು. ಚಳಿಜ್ವರ ಅಂದರೆ ಮಲೇರಿಯಾನೇ ತಾನೇ ಅಂತ ಒಂದೇ ಪ್ರಶ್ನೆ ಕೇಳಿದ. ಹೌದು ಅಂದಮೇಲೆ ಎಷ್ಟು ಬೇಕಾದರೂ ತೆಗೆದುಕೊಳ್ಳಿ ಅಂದ. ಗುಂಪು ನೋಡಿದರೆ ಓ ಪಾಸಿಟಿವ್. ಗುರುವಾರ ಬನ್ನಿ ಅಂತ ಹೇಳಿ ಕಳಿಸಿದ ಓಂಕಾರೇಶ, ಒಪ್ಪಿಗೆ ಪತ್ರವನ್ನು ತಾನೇ ತುಂಬಿದ. ‘ಯಾವುದಾದರೂ ಮಾತ್ರೆ ಸೇವಿಸುತ್ತಿದ್ದೀರಾ’ ಅನ್ನುವ ಪ್ರಶ್ನೆಯ ಎದುರು ‘ಇಲ್ಲ’ ಅಂತ ಗೀಟು ಹಾಕಿದ. ಅಂಥ ಕಟ್ಟುಮಸ್ತಾದ ಯಜಮಾನನನ್ನು ಮಾತ್ರೆ ನುಂಗುತ್ತೀರಾ ಅಂತ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಇಪ್ಪತ್ತೆರಡು ವರ್ಷದಿಂದ ಆ ಗೀಟನ್ನು ಓಂಕಾರೇಶ ಹಾಗೇ ಹಾಕುತ್ತಾ ಬಂದಿದ್ದ.

ಗುರುವಾರ ಗಿರಿಯಪ್ಪ ಬಂದ, ರಕ್ತ ಕೊಟ್ಟ, ಮೊಪೆಡ್ ಹತ್ತಿ ಹೋದ. ಓಂಕಾರೇಶ ಮೊದಲ ಸೀಸೆಯನ್ನು ಕರಗಿಸಿ ಆ ರಕ್ತಕ್ಕೆ ಸೇರಿಸಿದ. ಮರುದಿನ ಸೂಕ್ಷ್ಮದರ್ಶಕದಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ಉಂಗುರ ಕಂಡಿತು, ಒಂದು ಕಡೆ ಕೆಂಪು ಹರಳು ಕೂರಿಸಿದ ಹಾಗೆ. ಓಂಕಾರೇಶ ಪರಮೇಶ್‌ರನ್ನು ಕರೆದು ತೋರಿಸಿದ. ಮೂರನೇ ದಿನ ಉಂಗುರವಿದ್ದ ಕಡೆ ಕರಿ ಚುಕ್ಕೆ. ನಾಲ್ಕನೇ ದಿನ ಅದೂ ಇಲ್ಲ. ಗಿರಿಯಪ್ಪ ಪಂಚನಹಳ್ಳಿಯಿಂದ ಫೋನ್ ಮಾಡಿ ಏನಾಯಿತು ಅಂತ ಕೇಳಿದ. ಎಲ್ಲ ಸತ್ತುಹೋದವು ಅಂತ ಓಂಕಾರೇಶ ನಿಟ್ಟುಸಿರುಬಿಟ್ಟ. ಮಾರನೆಯ ದಿನ ಮೊಪೆಡ್ಡಿನ ಎರಡೂ ಕಡೆ ಎಳನೀರಿನ ಗೊನೆ ಕಟ್ಟಿಕೊಂಡು ಗಿರಿಯಪ್ಪ ಲ್ಯಾಬಿಗೆ ಬಂದ, ಎಲ್ಲರಿಗೂ ತಾನೇ ಕೆತ್ತಿ ಕೊಟ್ಟ. ಇಂಥ ಸಮಯದಲ್ಲಿ ಸಮಾಧಾನ ಹೇಳಲು ಬಂದ ಈ ದೊಡ್ಡ ಮನಸ್ಸಿಗೆ ಓಂಕಾರೇಶ ಎದ್ದು ಕೈಮುಗಿದ.

ಎರಡನೇ ಸೀಸೆಯೂ ಸತ್ತಿತು, ಎಳನೀರು ಬಂತು. ಓಂಕಾರೇಶ ನೀರಿನ ಮೇಲೆ ಅನುಮಾನಪಟ್ಟು ಬೆಂಗಳೂರಿನಿಂದ ಶುದ್ಧ ನೀರಿನ ಕ್ಯಾನ್ ತರಿಸಿದ. ಮೂರನೆಯದು ಸತ್ತಾಗ ಬಣ್ಣದ ಮೇಣದಬತ್ತಿ ಬಿಟ್ಟು ಬಿಳಿಯದು ತಂದ. ಬೆಚ್ಚನೆಯ ಪೆಟ್ಟಿಗೆಯ ಮೇಲೆ ಅನುಮಾನ ಬಂದು ತರೀಕೆರೆಯಿಂದ ಫ್ರಿಜ್ ರಿಪೇರಿಯವನನ್ನು ಕರೆಸಿದ. ಅವನು ಒಂದು ಗಂಟೆ ತಡಕಾಡಿ ಪೆಟ್ಟಿಗೆ ಸರಿಯಾಗಿಯೇ ಇದೆ ಅಂದು, ಒಂದು ಸಲಕ್ಕೆ ಕಾವಿಗೆ ಎಷ್ಟು ಮೊಟ್ಟೆ ಹಿಡಿಯುತ್ತದೆ ಅಂತ ಕೇಳಿದ. ಕರೆಂಟ್ ಹೋಗುವುದೇ ಕಾರಣವಿರಬೇಕೆಂದು ಪರಮೇಶ್‌ರ ಕೋಣೆಯ ಯುಪಿಎಸ್ ಕಿತ್ತು ತಂದ. ಆ ದಿನದಿಂದ ಪರಮೇಶ್ ಕತ್ತಲಲ್ಲಿ ಕೂತು ಶಪಿಸತೊಡಗಿದರು. ಐದನೆಯದಕ್ಕೆ ದಾಕ್ಷಾಯಣಮ್ಮ ಮಠದಿಂದ ವಿಭೂತಿ ತಂದುಕೊಟ್ಟಳು. ಪೆಟ್ಟಿಗೆಯ ಹಣೆಗೆ ಮೂರು ಪಟ್ಟೆ ಎಳೆಯಲಾಯಿತು. ರೋಗಾಣುಗಳು ಸದ್ಗತಿ ಪಡೆದವು. ಪ್ರತಿಸಲವೂ ಎಳನೀರು ತಪ್ಪದೆ ಬಂತು.

ಸ್ಫೂರ್ತಿ ಮೇಡಂ ಫೋನಿನಲ್ಲಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಸರ್, ಐದು ಸಲಾನೂ ಒಬ್ರದ್ದೇ ಬ್ಲಡ್ಡಾ?” ಅಂದರು.

“ಆ ಮನುಷ್ಯನ ಹಿಮೋಗ್ಲೋಬಿನ್ ಹದಿನಾರು ಮೇಡಂ. ಅಂಥ ರಕ್ತ ನಮ್ಮ ತಾಲ್ಲೂಕಲ್ಲೇ ಇಲ್ಲ,” ಅಂದ ಓಂಕಾರೇಶ, ಸ್ವಲ್ಪ ಖಾರವಾಗಿ.

ಮೇಡಂ ಮತ್ತೆ ಕೆದಕಲಿಲ್ಲ. ಇಪ್ಪತ್ತನಾಲ್ಕನೇ ತಾರೀಖು ಬದಲಾಗುವುದಿಲ್ಲ ಅಂತ ಮಾತ್ರ ನೆನಪಿಸಿದರು. ಉಳಿದದ್ದು ಒಂದೇ ಸೀಸೆ, ಹನ್ನೊಂದು ದಿನ. ಅತ್ತ ಪರಮೇಶ್ ಆಗಲೇ ಟೇಪು ಹಿಡಿದು ಬಂದು, ಪೆಟ್ಟಿಗೆ ತೆಗೆದರೆ ಆ ಮೂಲೆಯಲ್ಲಿ ಜೆರಾಕ್ಸ್ ಮೆಷಿನ್ ಹಿಡಿಸುತ್ತದೆಯೇ ಅಂತ ಅಳೆದು ಹೋಗಿದ್ದರು. ಮರುದಿನ ಬೆಳಿಗ್ಗೆ ಗಿರಿಯಪ್ಪನಿಗೆ ಫೋನ್ ಮಾಡಿದರೆ ಮೊಪೆಡ್ ಗ್ಯಾರೇಜಿನಲ್ಲಿದೆ, ನಾಳೆ ಬತ್ತೀನಿ ಅಂದ. ಓಂಕಾರೇಶನಿಗೆ ನಾಳೆ ಅನ್ನುವ ಪದವನ್ನೇ ತಡೆದುಕೊಳ್ಳಲಾಗಲಿಲ್ಲ. ಸೂಜಿ, ಸಿರಿಂಜು, ಐಸ್ ಡಬ್ಬಿ ಚೀಲಕ್ಕೆ ತುಂಬಿಕೊಂಡು ಮುಂದಿನ ಬಸ್ಸಿಗೇ ಪಂಚನಹಳ್ಳಿಗೆ ಹೊರಟ.

ಬಸ್ಸಿಳಿದು ಕಲ್ಲಪ್ಪನ ಹೋಟೆಲಿನಲ್ಲಿ ಟೀ ಕುಡಿಯುತ್ತಾ, ತಾನು ಲ್ಯಾಬಿನವನೆಂದು ಹೇಳಿ ಗಿರಿಯಪ್ಪನ ಮನೆ ಕೇಳಿದ. ಕಲ್ಲಪ್ಪ ಲೋಟ ತೊಳೆಯುವುದನ್ನು ನಿಲ್ಲಿಸಿದ.

“ಗಿರಿಯಪ್ಪನ ರಕ್ತದೊಳಕ್ಕೆ ಹುಳ ಬುಟ್ಟು ನೋಡ್ತಾರಲ್ಲ, ಆ ಲ್ಯಾಬಿನೋರಾ? ಕೂತ್ಕಳಿ ಕೂತ್ಕಳಿ. ಐದಕ್ಕೆ ಐದೂ ಗೆದ್ದವ್ನಂತೆ?”

ಬೆಂಚಿನ ಮೇಲಿದ್ದ ನಾಲ್ಕು ಜನ ಗೌರವದಿಂದ ಸರಿದು ಜಾಗ ಮಾಡಿದರು. ಟೀ ದುಡ್ಡನ್ನು ಕಲ್ಲಪ್ಪ ಮುಟ್ಟಲಿಲ್ಲ. ‘ಗೆದ್ದವ್ನಂತೆ’ ಅನ್ನುವ ಮಾತನ್ನು ಓಂಕಾರೇಶ ತೋಟದ ದಾರಿಯುದ್ದಕ್ಕೂ ಅಗಿಯುತ್ತಾ ನಡೆದ. ಅದು ಮೆತ್ತಗಾಗಲೇ ಇಲ್ಲ.

ಗಿರಿಯಪ್ಪ ಬೋರ್‌ವೆಲ್ ಹತ್ತಿರ ಹೋಗಿದ್ದ. ಅವನ ಹೆಂಡತಿ ಸಾವಿತ್ರಮ್ಮ ನೀರು ಬೆಲ್ಲ ಕೊಟ್ಟು, ಜಗಲಿಯ ಮೇಲೆ ಚಾಪೆ ಹಾಸಿ, ಯೋಗಕ್ಷೇಮ ಕೇಳಿದಳು. ಇವತ್ತೇ ರಕ್ತ ತೆಗೆಯಬೇಕು ಅಂದಾಗ ಆಕೆಯ ಮುಖ ಸಣ್ಣಗಾಯಿತು.

“ಇವತ್ತೇನಾ? ಅವರಿನ್ನೂ ಮಾತ್ರೆ ನುಂಗಿಲ್ವಲ್ಲ. ನಾಳೆಗೆ ಅಂತ ಇವತ್ತು ಸಂಜೆಗೆ ಇಟ್ಕೊಂಡವ್ರೆ.”

“ಯಾವ ಮಾತ್ರೆ ಸಾವಿತ್ರಮ್ಮ?”

ಆಕೆ ಗೂಡಿನಿಂದ ಒಂದು ಪಟ್ಟಿ ತಂದು ಕೈಗಿಟ್ಟಳು. ಓಂಕಾರೇಶ ಅದರ ಬೆನ್ನಿನ ಅಕ್ಷರ ಓದಿದ. ಕ್ಲೋರೋಕ್ವಿನ್. ಮಲೇರಿಯಾಕ್ಕೆ ಕೊಡುವ ಹಳೆಯ, ಖಾತ್ರಿ ಮಾತ್ರೆ. ಸ್ಫೂರ್ತಿ ಮೇಡಂ ಕೊಟ್ಟ ತಳಿಯನ್ನು ಅದು ಕಣ್ಣು ಮುಚ್ಚಿಕೊಂಡು ಕೊಲ್ಲುತ್ತದೆ. ನುಂಗಿದವನ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಮೂರು ತಿಂಗಳ ನೀರಿನ ಕ್ಯಾನು, ಬಿಳಿ ಬತ್ತಿ, ತರೀಕೆರೆಯ ಮೆಕ್ಯಾನಿಕ್, ಯುಪಿಎಸ್, ವಿಭೂತಿ ಎಲ್ಲ ಸಾಲಾಗಿ ಅವನ ಕಣ್ಣ ಮುಂದೆ ನಡೆದು ಹೋದವು.

ಅಷ್ಟರಲ್ಲಿ ಟವಲಿನಿಂದ ಕೈ ಒರೆಸಿಕೊಳ್ಳುತ್ತಾ ಗಿರಿಯಪ್ಪ ಬಂದ. ಓಂಕಾರೇಶನ ಕೈಯಲ್ಲಿದ್ದ ಪಟ್ಟಿ ನೋಡಿ ಅವನಿಗೆ ನಾಚಿಕೆಯೂ ಆಗಲಿಲ್ಲ, ಗಾಬರಿಯೂ ಆಗಲಿಲ್ಲ. ಬೀರೂರಿನ ಮೆಡಿಕಲ್ ಸ್ಟೋರಿನಲ್ಲಿ ಮಲೇರಿಯಾ ಮಾತ್ರೆ ಅಂತ ಕೇಳಿ ತಂದದ್ದು, ಪ್ರತಿಸಲ ಹಿಂದಿನ ಸಂಜೆ ಎರಡು ನುಂಗುತ್ತೇನೆ ಅಂದ.

“ಯಾಕೆ ನುಂಗಿದ್ರಿ ಗಿರಿಯಪ್ಪಣ್ಣ?”

“ಇದೇನು ಕೇಳ್ತೀಯಣ್ಣ? ನೇರ ಕಾಳಗ ಅಂದೋನು ನೀನೇ. ಜಟ್ಟಿ ಅಖಾಡಕ್ಕೆ ಇಳೀಬೇಕಾದ್ರೆ ಎಣ್ಣೆ ಉಜ್ಜಿಕೊಳ್ದೆ ಇಳೀತಾನಾ?”

ಓಂಕಾರೇಶನಿಗೆ ಕೋಪ ನೆತ್ತಿಗೇರಿತು. ಆದರೆ ಯಾರ ಮೇಲೆ? ಯುದ್ಧ ಸಾರಿದವನು ತಾನು, ಶತ್ರುವಿನ ಹೆಸರು ಹೇಳಿದವನು ತಾನು, ಕೇಳಬೇಕಾದ ಪ್ರಶ್ನೆ ಕೇಳದೆ ಗೀಟು ಎಳೆದವನೂ ತಾನೇ. ಭಾಷಣವನ್ನು ವಾಪಸ್ ತೆಗೆದುಕೊಳ್ಳುವುದು ರಕ್ತ ವಾಪಸ್ ತೆಗೆದುಕೊಳ್ಳುವುದಕ್ಕಿಂತ ಕಷ್ಟ. ಚಾಪೆಯ ಅಂಚನ್ನು ಕೀಳುತ್ತಾ ನಿಜವನ್ನು ಹೇಳಿದ. ಅವುಗಳನ್ನು ಅಲ್ಲಿ ಕೊಲ್ಲುವುದಿಲ್ಲ. ಸಾಕುತ್ತೇವೆ. ಅವು ಬದುಕಿ ಮರಿ ಹಾಕಲಿ ಅಂತಲೇ ನಿಮ್ಮ ರಕ್ತ ತೆಗೆದದ್ದು. ನೀವು ಗೆದ್ದ ಐದು ಸಲವೂ ನಾನು ಸೋತೆ. ಇನ್ನುಳಿದಿರುವುದು ಒಂದೇ ಸೀಸೆ, ಹತ್ತು ದಿನ.

ಗಿರಿಯಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡು ಜಗಲಿಯ ಅಂಚಿಗೆ ಕೂತ. ಆಮೇಲೆ ಹೇಳಿದ್ದು ಇಷ್ಟು. ಅವನ ತಾತನ ಊರು ತರೀಕೆರೆ ಕಡೆ, ಕಾಲುವೆಯ ಪಕ್ಕ. ಮನೆಯಲ್ಲಿ ಒಂಬತ್ತು ಜನ. ಒಂದೇ ಮಳೆಗಾಲದಲ್ಲಿ ಚಳಿಜ್ವರ ಆರು ಜನರನ್ನು ಒಯ್ದಿತು. ಉಳಿದ ಮೂವರು ಎತ್ತು ಹೊಡೆದುಕೊಂಡು, ನೀರಿಲ್ಲದಿದ್ದರೂ ಸರಿ ಸೊಳ್ಳೆ ಇರಬಾರದು ಅಂತ ಈ ಬಯಲಿಗೆ ಬಂದು ನೆಲೆ ನಿಂತರು.

“ಆ ಹುಳಕ್ಕೆ ನನ್ನ ರಕ್ತ ಹಾಕಿ ಸಾಕು ಅಂತೀಯಾ ನೀನು,” ಅಂದ. ದನಿ ಏರಲಿಲ್ಲ. “ಇಲ್ಲ ಕಣಣ್ಣ. ಆಗಾಕಿಲ್ಲ.”

ಓಂಕಾರೇಶ ಚಾಪೆಯಿಂದ ಎದ್ದ. ಒಪ್ಪಿದ್ದರೂ ಪ್ರಯೋಜನವಿರಲಿಲ್ಲ, ಆ ರಕ್ತದಲ್ಲಿ ಇನ್ನೂ ಎಷ್ಟೋ ವಾರ ಮಾತ್ರೆ ಕಾವಲು ಕೂತಿರುತ್ತದೆ. ಚೀಲ ಹೆಗಲಿಗೆ ಹಾಕಿಕೊಂಡ. ಮೂತ್ರದ ಸೀಸೆಗಳು ಸಾಲುಗಟ್ಟಿ ಸ್ವಾಗತಕ್ಕೆ ನಿಂತಂತೆ ಕಂಡವು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಸಾವಿತ್ರಮ್ಮ ಕರೆದಳು.

“ನಂದೂ ಓ ಗುಂಪೇ. ಹೆರಿಗೆ ಟೈಮಲ್ಲಿ ತಾಯಿ ಕಾರ್ಡಲ್ಲಿ ಬರೆದವ್ರೆ. ಆಗ್ತದಾ?”

ಗಿರಿಯಪ್ಪ ತಿರುಗಿ, “ಲೇ, ಸುಮ್ಕಿರು,” ಅಂದ.

“ನೀವು ಸುಮ್ಕಿರಿ. ನಮ್ಮ ತವರಲ್ಲಿ ಚಳಿಜ್ವರ ಯಾರನ್ನೂ ತಿಂದಿಲ್ಲ. ನಂಗೇನೂ ಜಗಳ ಇಲ್ಲ ಅದ್ರ ಮೇಲೆ.” ಆಕೆ ಆಗಲೇ ಸೀರೆಯ ಸೆರಗು ಸರಿಸಿ ತೋಳು ಮುಂದೆ ಚಾಚಿದ್ದಳು. “ಮೂವತ್ತು ವರ್ಷದಿಂದ ಇವರನ್ನ ಸಾಕಿದೀನಿ. ಒಂದು ಹುಳ ಸಾಕಾಕೆ ಆಗಲ್ವಾ?”

ಓಂಕಾರೇಶ ಈ ಸಲ ಒಪ್ಪಿಗೆ ಪತ್ರವನ್ನು ಜೋರಾಗಿ ಓದಿದ. ಯಾವುದಾದರೂ ಮಾತ್ರೆ ಅನ್ನುವ ಕಡೆ ನಿಂತು ಮೂರು ಸಲ ಕೇಳಿದ. ತಲೆನೋವಿಗೆ? ಕೆಮ್ಮಿಗೆ? ಗಿರಿಯಪ್ಪನ ಪಟ್ಟಿಯಿಂದ ಒಂದಾದರೂ? ಮೂರನೇ ಸಲಕ್ಕೆ ಸಾವಿತ್ರಮ್ಮನಿಗೆ ರೇಗಿತು. ಗಿರಿಯಪ್ಪ ನೋಡಲಾರದೆ ಎದ್ದು ಬೋರ್‌ವೆಲ್ ಕಡೆ ಹೊರಟುಹೋದ.

ಆರನೇ ಸೀಸೆ ಆ ಮಧ್ಯಾಹ್ನವೇ ಕರಗಿತು. ಮೂರನೇ ದಿನ ಓಂಕಾರೇಶ ಕಣ್ಣು ಮುಚ್ಚಿಕೊಂಡು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ. ಕಣ್ಣು ತೆರೆಯಲು ಧೈರ್ಯ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಉಂಗುರಗಳಿದ್ದವು. ಐದನೇ ದಿನ ಹೆಚ್ಚಿದ್ದವು. ಏಳನೇ ದಿನ ಒಂದೊಂದು ಕಣದಲ್ಲಿ ಎರಡೆರಡು, ಹಬ್ಬಕ್ಕೆ ಬಂದ ನೆಂಟರು ಒಂದೇ ಕೋಣೆಯಲ್ಲಿ ಮಲಗಿದ ಹಾಗೆ. ದಾಕ್ಷಾಯಣಮ್ಮನಿಗೆ ಫೋನ್ ಮಾಡಿ ಹೇಳಿದ. ಆಕೆ ಎಲ್ಲ ವಿಭೂತಿಯ ಮಹಿಮೆ ಅಂದಳು. ಅವನಿಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ.

ಇಪ್ಪತ್ತನಾಲ್ಕರಂದು ಸ್ಫೂರ್ತಿ ಮೇಡಂ ಬಂದರು. ಅರ್ಧ ಗಂಟೆ ಎಣಿಸಿದರು. ನೂರಕ್ಕೆ ಎರಡು ಕಣದಲ್ಲಿ ರೋಗಾಣು, ಎಲ್ಲ ಜೀವಂತ. ಘಟಕ ಇಲ್ಲೇ ಇರಲಿ ಅಂತ ಬರೆದು ಸಹಿ ಹಾಕಿದರು. ಪರಮೇಶ್ ಜೆರಾಕ್ಸ್ ಮೆಷಿನ್ನಿಗೆ ಬೇರೆ ಮೂಲೆ ಹುಡುಕಲು ಹೋದರು. ಹಿಂದಿನ ಐದು ಸಲದ ವೈಫಲ್ಯಕ್ಕೆ ಕಾರಣ ಏನೆಂದು ಕೇಳಿದಾಗ ಓಂಕಾರೇಶ ತಲೆ ತಗ್ಗಿಸಿ ಎಲ್ಲ ಹೇಳಿದ. ಮೇಡಂ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಅದೂ ಸಾಲದೆ ಕಿಟಕಿಯ ಕಡೆ ತಿರುಗಿ ನಿಂತರು.

“ನಿಮ್ಮ ಲ್ಯಾಬು ಮೊದಲ ದಿನದಿಂದ್ಲೇ ಕರೆಕ್ಟಾಗಿ ಕೆಲಸ ಮಾಡ್ತಿತ್ತು ಸರ್,” ಅಂದರು ಕೊನೆಗೆ. “ಮಾತ್ರೆ ಹಾಕಿದ್ರೆ ಸಾಯ್ಬೇಕು. ಐದು ಸಲಾನೂ ಸತ್ತಿವೆ.”

ಮೂರು ತಿಂಗಳು ನಿದ್ದೆಗೆಟ್ಟವನಿಗೆ ಈ ಪ್ರಶಂಸೆಯಿಂದ ಅಳು ಬಂದದ್ದು ಆಶ್ಚರ್ಯವಲ್ಲ.

ಮುಂದಿನ ವಾರ ಗಿರಿಯಪ್ಪ ಹೆಂಡತಿಯನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಲ್ಯಾಬಿಗೆ ಬಂದ. ಸಾವಿತ್ರಮ್ಮನೇ ಹಟ ಮಾಡಿ ಕರೆತಂದದ್ದು. ತನ್ನ ರಕ್ತದಲ್ಲಿ ಹೇಗೆ ಬೆಳೆದಿವೆ ಅಂತ ಆಕೆಗೆ ನೋಡಬೇಕಿತ್ತು. ನೋಡಿದಳು. ಎಷ್ಟಿವೆ ಅಂತ ಕೇಳಿ, ಲಕ್ಷಗಟ್ಟಲೆ ಅಂತ ತಿಳಿದು, ಮನೆಗೆ ಬಂದವರು ಹೊಟ್ಟೆ ತುಂಬ ಉಂಡು ಹೋದಷ್ಟು ಸಂತೋಷಪಟ್ಟಳು. ಗಿರಿಯಪ್ಪ ಬಾಗಿಲ ಹತ್ತಿರವೇ ನಿಂತಿದ್ದ. ಕರೆದ ಮೇಲೆ ಬಂದು ಕನ್ನಡಕ ತೆಗೆದು ಬಗ್ಗಿದ. ತನ್ನ ತಾತನ ಮನೆಯ ಆರು ಜನರನ್ನು ಒಯ್ದದ್ದು ಇಷ್ಟು ಚಿಕ್ಕದಾಗಿ, ಇಷ್ಟು ಲಕ್ಷಣವಾಗಿ ಇರುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ. ಬಹಳ ಹೊತ್ತು ತಲೆ ಎತ್ತಲಿಲ್ಲ.

“ಇವನ್ನ ಏನ್ ಮಾಡ್ತೀಯಣ್ಣ ಆಮೇಲೆ?” ಅಂದ.

ಇವತ್ತು ಸಂಜೆ ಅರ್ಧ ಬೆಂಗಳೂರಿಗೆ ಹೋಗುತ್ತವೆ, ಅಲ್ಲಿ ಹೊಸ ಹೊಸ ಔಷಧಿ ಹಾಕಿ ಯಾವುದರಲ್ಲಿ ಸಾಯುತ್ತವೆ ಅಂತ ನೋಡುತ್ತಾರೆ ಅಂತ ಓಂಕಾರೇಶ ವಿವರಿಸಿದ.

ಗಿರಿಯಪ್ಪನ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. “ಹಂಗನ್ನು ಮತ್ತೆ. ಮಾರಿ ಹಬ್ಬಕ್ಕೆ ಟಗರು ಮೇಯಿಸ್ತಾರಲ್ಲ, ಹಂಗೆ. ಮೊದ್ಲೇ ಹೇಳಿದ್ರೆ ನಾನೂ ಕೊಡ್ತಿದ್ದೆ.” ಮಾತ್ರೆಯ ಪ್ರಭಾವ ಇಳಿದ ಮೇಲೆ ತನ್ನನ್ನೂ ಕರೆಯಬೇಕು ಅಂತ ಹೇಳಿ, ಹೆಂಡತಿ ಈ ವಾರದ ರಕ್ತ ಕೊಟ್ಟು ಮುಗಿಸುವುದನ್ನು ಕಾಯಲು ಹೊರಗೆ ಹೋಗಿ ಕೂತ.

ಓಂಕಾರೇಶ ನಿಂತಲ್ಲೇ ನಿಂತ. ಅವನ ವಂಶದಲ್ಲಿ ಏಳು ತಲೆಮಾರಿನಿಂದ ಯಾರೂ ಮೊಟ್ಟೆ ಮುಟ್ಟಿದವರಲ್ಲ. ಅಂಥವನು ಮೂರು ತಿಂಗಳು ಹಬ್ಬ ಬಿಟ್ಟು, ಮಠ ಬಿಟ್ಟು, ನಿದ್ದೆ ಬಿಟ್ಟು ಮೇಯಿಸಿದ್ದು ಟಗರನ್ನು. ಇದನ್ನು ಅಜ್ಜಂಪುರದಲ್ಲಿ ಹೇಗೆ ಹೇಳುವುದು ಅಂತ ಯೋಚಿಸುತ್ತಾ, ಬೆಂಗಳೂರಿಗೆ ಕಳಿಸುವ ತಟ್ಟೆಗಳನ್ನು ಒಂದೊಂದಾಗಿ ಜಾಡಿಯಿಂದ ಹೊರಗೆ ತೆಗೆದ. ಅವುಗಳಲ್ಲಿ ಚೆನ್ನಾಗಿ ಬೆಳೆದ ಎರಡನ್ನು ಮಾತ್ರ ಯಾಕೋ ಹಿಂದಕ್ಕಿಟ್ಟುಕೊಂಡ. ಬೆಳಿಗ್ಗೆ ಬಂದು ಅವಕ್ಕೆ ಉಣ್ಣಿಸಬೇಕಿತ್ತು. ಮಾರನೆಯ ದಿನ ಭಾನುವಾರ.